ಚಾಕಣದಿಂದ ಬೆಂಗಳೂರು: ಎಷ್ಟು ದೂರ, ಎಷ್ಟು ಹೊತ್ತು?

ಚಾಕಣದ ಸುತ್ತಮುತ್ತ ನೆಲೆನಿಂತಿರುವ ನಾವು, ಊರಿನಿಂದ ತುರ್ತು ಕರೆ ಬಂದೊಡನೆ ನೋಡುವುದು ವಿಮಾನದ ವೇಳಾಪಟ್ಟಿಯನ್ನು. ಪುಣೆಯಿಂದ ಬೆಂಗಳೂರಿಗೆ ಸುಮಾರು ಒಂದೂವರೆ ಗಂಟೆ ಎಂದು ಅದರಲ್ಲಿರುತ್ತದೆ. ತಂದೆಯವರನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಬೆಳಗಿನ ಆರಕ್ಕೆ ಬಂದರೆ, ಹತ್ತರೊಳಗೆ ಅವರ ಬಳಿ ಇರಬಹುದೆಂದು ಮನಸ್ಸು ಲೆಕ್ಕ ಹಾಕುತ್ತದೆ. ಈ ಲೆಕ್ಕ ಏಕೆ ಕೂಡಿಬರುವುದಿಲ್ಲವೆಂದು ತಿಳಿದಿರುವುದು ಒಳ್ಳೆಯದು.

ಪುಣೆ ಮತ್ತು ಬೆಂಗಳೂರು ನಿಲ್ದಾಣಗಳ ನಡುವಿನ ನೇರ ಅಂತರ ಸುಮಾರು 720 ಕಿ.ಮೀ. ರಸ್ತೆಯಲ್ಲಾದರೆ ಸತಾರಾ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ಮಾರ್ಗವಾಗಿ ಸುಮಾರು 840 ಕಿ.ಮೀ. ಸೋಲಾಪುರ, ಕಲಬುರಗಿ, ಗುಂತಕಲ್ಲಿನ ಮೇಲೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಹಾದಿ ಇನ್ನೂ ದೀರ್ಘ.

ಜೆಟ್ ವಿಮಾನವು ಎತ್ತರದಲ್ಲಿ ಗಂಟೆಗೆ ಸುಮಾರು 800 ಕಿ.ಮೀ. ವೇಗದಲ್ಲಿ ಹಾರುತ್ತದೆ. ಹಾಗಿದ್ದರೆ ಒಂದು ಗಂಟೆಯೊಳಗೇ ತಲುಪಬೇಕಲ್ಲವೇ? ಆದರೆ ಏರುವಾಗ, ಇಳಿಯುವಾಗ ಆ ವೇಗವಿರುವುದಿಲ್ಲ. ಇಳಿಯಲು ಸರದಿ ಕಾಯಬೇಕಾಗಬಹುದು. ಟಿಕೆಟ್ಟಿನಲ್ಲಿ ಮುದ್ರಿಸುವ ವೇಳೆಯು ವಿಮಾನ ನಿಂತಲ್ಲಿಂದ ಕದಲಿದ ಕ್ಷಣದಿಂದ ಮತ್ತೊಂದೆಡೆ ನಿಲ್ಲುವವರೆಗಿನದು. ನೆಲದ ಮೇಲಿನ ಓಡಾಟವೂ ಅದರಲ್ಲಿ ಸೇರಿದೆ. ಲೋಹಗಾಂವ್ ಮೂಲತಃ ವಾಯುಪಡೆಯ ನೆಲೆ. ರನ್‌ವೇಯನ್ನು ಪ್ರಯಾಣಿಕ ವಿಮಾನಗಳು ಅದರೊಡನೆ ಹಂಚಿಕೊಳ್ಳುತ್ತವೆ.

ಇಲ್ಲಿನ ಜರ್ಮನ್ ಮೋಟಾರು ಕಾರ್ಖಾನೆಗಳ ನಂಟಿನಿಂದ ಮಕ್ಕಳು ಯೂರೋಪಿಗೆ ಹೋಗಿರುವ ಮನೆಗಳಿಗೆ ಇನ್ನೊಂದು ಉದಾಹರಣೆ ಹತ್ತಿರವಾದೀತು. ಫ್ರಾಂಕ್‌ಫರ್ಟಿನಿಂದ ಲಂಡನ್ನಿಗೆ ಸುಮಾರು 650 ಕಿ.ಮೀ.; ಪ್ರಯಾಣ ಒಂದೂವರೆ ಗಂಟೆಗಿಂತ ತುಸು ಹೆಚ್ಚು. ಆದರೆ ಹತ್ತಕ್ಕೆ ಹೊರಟ ವಿಮಾನ ಹತ್ತೂ ನಲವತ್ತಕ್ಕೆಲ್ಲ ಇಳಿಯುವಂತೆ ವೇಳಾಪಟ್ಟಿ ತೋರಿಸುತ್ತದೆ, ಏಕೆಂದರೆ ಲಂಡನ್ನಿನ ಗಡಿಯಾರ ಒಂದು ಗಂಟೆ ಹಿಂದಿದೆ. ಮರಳುವಾಗ ಆ ಗಂಟೆಯನ್ನು ಹಿಂದಿರುಗಿಸಬೇಕು! ಪುಣೆ–ಬೆಂಗಳೂರಿನ ನಡುವೆ ಈ ಕಣ್ಕಟ್ಟು ಇಲ್ಲ.

ನಮ್ಮ ಹೊತ್ತು ಕಳೆಯುವುದು ನೆಲದಲ್ಲಿ. ಚಾಕಣದಿಂದ ಲೋಹಗಾಂವಿಗೆ ಆಳಂದಿಯ ಮೇಲೆ ಹೋದರೂ ಭೋಸರಿಯ ಮೇಲೆ ಹೋದರೂ ಮೂವತ್ತು ಕಿ.ಮೀ. ಮೀರದು. ಆದರೂ ಕಾರ್ಖಾನೆಗಳ ಪಾಳಿ ಬದಲಾಗುವ ವೇಳೆಯಲ್ಲಿ, ಲಾರಿಗಳ ನಡುವೆ, ಒಂದೂವರೆ ಗಂಟೆ ಇಟ್ಟುಕೊಳ್ಳಲೇಬೇಕು. ಲಗೇಜು ಕೌಂಟರುಗಳು ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ಎರಡು ಗಂಟೆ ಮುಂಚಿತವಾಗಿ ನಿಲ್ದಾಣದಲ್ಲಿರುವುದು ಕ್ಷೇಮ. ಬೆಂಗಳೂರಿನ ನಿಲ್ದಾಣವು 2008ರ ಮೇ ತಿಂಗಳಲ್ಲಿ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋದ ಮೇಲೆ ಬಸವನಗುಡಿ, ಜಯನಗರದವರಿಗೆ ಮತ್ತೊಂದು ಒಂದೂವರೆ ಗಂಟೆ. ಸಾಮಾನು ಪಡೆಯುವ ಅರ್ಧ ಗಂಟೆಯನ್ನೂ ಸೇರಿಸಿದರೆ ಮನೆಯಿಂದ ಮನೆಗೆ ಏಳು ಗಂಟೆ. ಅದರಲ್ಲಿ ವಿಮಾನದ ಪಾಲು ಕಾಲುಭಾಗವೂ ಇಲ್ಲ.

ಚಾಕಣ–ರಾಜಗುರುನಗರದ ಕಡೆಗೇ ಹೊಸ ನಿಲ್ದಾಣ ಬರುವುದೆಂಬ ಮಾತು ವರ್ಷಗಟ್ಟಲೆ ನಡೆದು, 2016ರಲ್ಲಿ ಆಯ್ಕೆ ಪುರಂದರಕ್ಕೆ ಹೋಯಿತು. ಅದು ಪುಣೆಯ ಆಚೆಯ ಮಗ್ಗುಲು. ನಮಗೆ ಲೋಹಗಾಂವೇ ಹತ್ತಿರ.

ಬೆಂಗಳೂರಿಗೆ ಕಾರಿನಲ್ಲಿ ಹದಿನಾಲ್ಕು ಹದಿನೈದು ಗಂಟೆ ಹಿಡಿಯುವುದರಿಂದ ವಿಮಾನವೇ ಮೇಲು. ಬೆಳಗಾವಿಯ ಮಾತು ಬೇರೆ: ಚಾಕಣದಿಂದ ಸುಮಾರು 370 ಕಿ.ಮೀ., ರಸ್ತೆಯಲ್ಲಿ ಏಳು ಗಂಟೆಯ ಆಸುಪಾಸು. ಅಲ್ಲಿಗೆ ಕರೆ ಬಂದಾಗ ಟಿಕೆಟ್ಟು ಹುಡುಕುತ್ತ ಕೂರುವುದಕ್ಕಿಂತ ಕಾರು ಹೊರಡಿಸುವುದೇ ಲೇಸು. ಅಷ್ಟರಲ್ಲಿ ಸತಾರಾದ ಹಾದಿ ಹಿಡಿದಿರುತ್ತೇವೆ.