ಬ್ಯಾಕ್ ಆಟಗಾರ ಮೇನೇಜರನಾದ ಬಗೆ: ಜಾಕ್ ಚಾರ್ಲ್‌ಟನ್

ನಮ್ಮ ವಾಚನಾಲಯಕ್ಕೆ ಬರುವ ಪತ್ರಿಕೆಗಳಲ್ಲಿ ಆಟದ ಪುಟವನ್ನೇ ಮೊದಲು ಬಿಡಿಸುವ ಗೆಳೆಯರು ಅನೇಕರಿದ್ದಾರೆ. ಅವರಲ್ಲಿ ಕೆಲವರು ಕೇಳುವ ಪ್ರಶ್ನೆಯೊಂದುಂಟು: ವಿಲಾಯತಿಯ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ತಂಡ ಸೋತರೆ ಆಡಿದವರನ್ನು ಬಿಟ್ಟು ಮೇನೇಜರನನ್ನೇಕೆ ಮನೆಗೆ ಕಳಿಸುತ್ತಾರೆ? ನಮ್ಮ ಕಡೆ ತಂಡದ ಮೇನೇಜರನೆಂದರೆ ರೈಲು ಟಿಕೇಟು, ಊಟ ವಸತಿಗಳ ಏರ್ಪಾಡು ನೋಡುವ ಗೃಹಸ್ಥ. ಅಲ್ಲಿಯ ಮೇನೇಜರನು ಬೇರೆ. ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು, ಶನಿವಾರ ಯಾರು ಆಡಬೇಕು, ಹೇಗೆ ಆಡಬೇಕು ಎಂಬುದೆಲ್ಲ ಬಹುಕಾಲ ಅವನೊಬ್ಬನ ತಲೆಯ ಮೇಲೆಯೇ ಇತ್ತು. ಈ ಕೆಲಸವನ್ನು ತಿಳಿಯಲು ಒಬ್ಬನ ಬಾಳನ್ನು ಹಿಡಿದು ನೋಡುವುದೇ ಸುಲಭ. ಅದಕ್ಕೆ ನಾನು ಆರಿಸಿಕೊಂಡವನು ಜಾಕ್ ಚಾರ್ಲ್‌ಟನ್.

ಈತನು ಹುಟ್ಟಿದ್ದು 1935ರಲ್ಲಿ, ಇಂಗ್ಲೆಂಡಿನ ಈಶಾನ್ಯದ ಆಷಿಂಗ್ಟನ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ. ತಂದೆ ಗಣಿ ಕಾರ್ಮಿಕ. ತಾಯಿಯ ಮನೆಯವರೆಲ್ಲ ಫುಟ್‌ಬಾಲಿಗರು. ತಮ್ಮ ಬಾಬಿಗೆ ಚಿಕ್ಕಂದಿನಲ್ಲೇ ಆಟ ಒಲಿದಿತ್ತು. ದೊಡ್ಡ ಕ್ಲಬ್ಬುಗಳವರು ಅವನನ್ನು ಹುಡುಕಿಕೊಂಡು ಮನೆಗೇ ಬಂದರು. ಅಣ್ಣ ಜಾಕನನ್ನು ಅಷ್ಟಾಗಿ ಕೇಳಿದವರಿಲ್ಲ. ಹದಿನೈದನೆಯ ವಯಸ್ಸಿಗೆ ಶಾಲೆ ಬಿಟ್ಟು ಗಣಿಗೆ ಇಳಿದನು. ನೆಲದಡಿಯ ಕೆಲಸ ಹೇಗಿರುತ್ತದೆಂದು ಕಣ್ಣಾರೆ ಕಂಡ ಮೇಲೆ ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟು ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದನು. ಪೊಲೀಸರ ಸಂದರ್ಶನದ ದಿನವೇ ಲೀಡ್ಸ್ ಯುನೈಟೆಡ್ ಕ್ಲಬ್ಬಿನವರು ಪರೀಕ್ಷೆಯ ಪಂದ್ಯಕ್ಕೆ ಕರೆದಿದ್ದರು. ಜಾಕನು ಪಂದ್ಯಕ್ಕೆ ಹೋದನು.

ಹೋದವನು ಅಲ್ಲಿಯೇ ನಿಂತನು. 1953ರಿಂದ 1973ರವರೆಗೆ, ಇಪ್ಪತ್ತು ವರ್ಷ ಒಂದೇ ಕ್ಲಬ್ಬಿಗೆ ಒಟ್ಟು 773 ಪಂದ್ಯಗಳನ್ನಾಡಿದನು. ಹಾಜರಿ ಪಟ್ಟಿ ಬರೆಯುವ ನನಗೆ ಈ ಅಂಕಿಯ ಮೇಲೆ ವಿಶೇಷ ಗೌರವ! ಆಗಿನ ಆಟಗಾರರ ಸಂಬಳವೇನೂ ಇಂದಿನಂತಿರಲಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಎಂಥ ಆಟಗಾರನಿಗಾದರೂ ವಾರಕ್ಕೆ ಇಷ್ಟಕ್ಕಿಂತ ಹೆಚ್ಚು ಕೊಡಕೂಡದೆಂಬ ಮಿತಿಯಿತ್ತು. 1961ರಲ್ಲಿ ಅದನ್ನು ತೆಗೆದುಹಾಕಿದಾಗ ಆ ಮಿತಿ ವಾರಕ್ಕೆ 20 ಪೌಂಡು. ಆಟವಿಲ್ಲದ ಬೇಸಿಗೆಯಲ್ಲಿ ಇನ್ನೂ ಕಡಿಮೆ. ಆಟಗಾರರು ಸಂಘ ಕಟ್ಟಿ, ಮುಷ್ಕರ ಹೂಡುವುದಾಗಿ ಹೇಳಿದ ಮೇಲೆಯೇ ಅದು ಹೋಯಿತು.

ಜಾಕನ ಜಾಗ ಹಿಂದಿನ ಸಾಲಿನ ನಡುಮಧ್ಯ. ಗೋಲು ಹೊಡೆಯುವವನನ್ನು ಜನ ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ತಡೆಯುವವನು ಹತ್ತು ಸಲ ತಡೆದು ಒಂದು ಸಲ ತಪ್ಪಿದರೆ ಆ ಒಂದನ್ನೇ ನೆನೆಯುತ್ತಾರೆ. ಜಾಕನು ಎತ್ತರದ ಆಳು, ಉದ್ದ ಕತ್ತು, ಒರಟು ಮಾತು. ತಮ್ಮನ ನಯಗಾರಿಕೆ ಇವನಲ್ಲಿರಲಿಲ್ಲ. ಮೊದಲ ಎಂಟು ಹತ್ತು ವರ್ಷ ಮುಂಗೋಪದಲ್ಲಿಯೇ ಕಳೆದನೆಂದರೂ ಸಲ್ಲುತ್ತದೆ. 1961ರಲ್ಲಿ ಡಾನ್ ರೆವಿ ಎಂಬವನು ಲೀಡ್ಸಿನ ಮೇನೇಜರನಾಗಿ, ಇವನಿಗೆ ಬುದ್ಧಿ ಹೇಳಿ ತಿದ್ದಿದ ಮೇಲೆ ಆಟ ಕುದುರಿತು. ಇಂಗ್ಲೆಂಡಿನ ತಂಡಕ್ಕೆ ಮೊದಲ ಕರೆ ಬಂದದ್ದು 1965ರಲ್ಲಿ, ಮೂವತ್ತು ತುಂಬುವ ಹೊತ್ತಿಗೆ. ನನಗಿಂತ ಚೆನ್ನಾಗಿ ಆಡುವವರಿರುವಾಗ ನನ್ನನ್ನೇಕೆ ತೆಗೆದುಕೊಂಡಿರಿ ಎಂದು ಇವನು ಮೇನೇಜರ್ ಆಲ್ಫ್ ರಾಮ್ಸೆಯನ್ನು ಕೇಳಿದನಂತೆ. ತನಗೆ ಬೇಕಾದದ್ದು ಅತ್ಯುತ್ತಮ ಆಟಗಾರರಲ್ಲ, ಒಂದಕ್ಕೊಂದು ಹೊಂದಿಕೊಳ್ಳುವ ತಂಡ ಎಂಬ ಅರ್ಥದ ಉತ್ತರ ಬಂತೆಂದು ಜಾಕನೇ ಮುಂದೆ ಹೇಳಿಕೊಂಡು ನಗುತ್ತಿದ್ದನು. ಈ ಉತ್ತರವನ್ನು ಅವನು ಮರೆಯಲಿಲ್ಲ.

1966ರ ವಿಶ್ವಕಪ್ಪನ್ನು ಇಂಗ್ಲೆಂಡು ಗೆದ್ದಾಗ ಅಣ್ಣತಮ್ಮಂದಿರಿಬ್ಬರೂ ತಂಡದಲ್ಲಿದ್ದರು. ಸೆಮಿಫೈನಲಿನಲ್ಲಿ ಪೋರ್ಚುಗಲಿನ ಮೇಲೆ ಎರಡು ಗೋಲು ಹೊಡೆದವನು ಬಾಬಿ; ಗೋಲಿನ ಬಾಯಲ್ಲಿ ಚೆಂಡನ್ನು ಕೈಯಿಂದ ತಡೆದು ಎದುರಾಳಿಗೆ ಪೆನಾಲ್ಟಿ ಕೊಡಿಸಿದವನು ಜಾಕ್. ಹೇಗೋ 2-1ರಿಂದ ಗೆದ್ದರು. ಆ ಸಂಜೆ ಅವರ ತಂದೆ ಆಟ ನೋಡಲಿಲ್ಲ. ಪಾಳಿ ಇತ್ತೆಂದು ಗಣಿಗೆ ಇಳಿದಿದ್ದನು.

ಆಟ ನಿಲ್ಲಿಸಿದ ಕೂಡಲೇ, 1973ರಲ್ಲಿ, ಮಿಡಲ್ಸ್‌ಬರೋ ಕ್ಲಬ್ಬಿನವರು ಇವನನ್ನು ಮೇನೇಜರನನ್ನಾಗಿ ಕರೆದರು. ಆಡುತ್ತಿರುವಾಗಲೇ ತರಬೇತಿಯ ಶಿಬಿರಗಳಿಗೆ ಹೋಗಿ ಕಲಿತಿದ್ದನಾದ್ದರಿಂದ ಬರಿಗೈಯಲ್ಲಿ ಹೋಗಲಿಲ್ಲ. ಕ್ಲಬ್ಬು ಆಗ ಎರಡನೆಯ ದರ್ಜೆಯಲ್ಲಿತ್ತು. ಅಲ್ಲಿಯ ಪದ್ಧತಿಯಲ್ಲಿ ವರ್ಷದ ಕೊನೆಗೆ ಮೇಲಿನ ಕೆಲವು ತಂಡಗಳು ಮೇಲಿನ ದರ್ಜೆಗೆ ಏರುತ್ತವೆ, ಕೆಳಗಿನವು ಇಳಿಯುತ್ತವೆ.

ಇಲ್ಲಿ ಅವನು ಮಾಡಿದ ಒಂದು ಉಪಾಯವನ್ನು ವಿವರವಾಗಿ ನೋಡುವುದು ಒಳ್ಳೆಯದು. ಆಫ್‌ಸೈಡ್ ನಿಯಮ ನಮ್ಮ ಮೈದಾನದ ಹುಡುಗರಿಗೂ ಗೊತ್ತು: ಚೆಂಡು ಒದೆಯುವ ಗಳಿಗೆಯಲ್ಲಿ ಮುಂದಾಳು ಎದುರಾಳಿಯ ಕೊನೆಯ ಬ್ಯಾಕಿಗಿಂತ ಆಚೆ ನಿಂತಿರಬಾರದು. ಬ್ಯಾಕುಗಳು ಇದರ ಲಾಭ ಪಡೆದು ಒಟ್ಟಾಗಿ ನಾಲ್ಕು ಹೆಜ್ಜೆ ಮುಂದೆ ಬರುತ್ತಾರೆ. ಮುಂದಾಳು ತಾನಾಗಿಯೇ ತಪ್ಪಿನಲ್ಲಿ ಸಿಕ್ಕುತ್ತಾನೆ. ಜಾಕನು ಏನು ಮಾಡಿದನೆಂದರೆ, ಅಲನ್ ಫಾಗನ್ ಎಂಬ ವೇಗದ ಓಟಗಾರನನ್ನು ಹಿಂದೆಯೇ, ನಡುಮೈದಾನದಲ್ಲಿ ನಿಲ್ಲಿಸಿದನು. ಬ್ಯಾಕುಗಳು ಮುಂದೆ ಬರುತ್ತಿದ್ದಂತೆ ಅವರ ತಲೆಯ ಮೇಲಿಂದ ಚೆಂಡು ಹಾರುವುದು. ಫಾಗನ್ ಹಿಂದಿನಿಂದ ಓಡಿ ಅವರನ್ನು ದಾಟುವನು. ಒದೆಯುವಾಗ ಅವನು ಈಚೆಗಿದ್ದುದರಿಂದ ಆಫ್‌ಸೈಡ್ ಅಲ್ಲ. ಬ್ಯಾಕುಗಳೋ ಮುಂದಕ್ಕೆ ಬರುತ್ತಿದ್ದವರು ಗಕ್ಕನೆ ನಿಂತು, ತಿರುಗಿ, ತಮ್ಮ ಗೋಲಿನ ಕಡೆಗೇ ಓಡಬೇಕು. ಬ್ಯಾಕಿಗೆ ಇದಕ್ಕಿಂತ ಕಷ್ಟದ ಕೆಲಸವಿಲ್ಲ. ಇಪ್ಪತ್ತು ವರ್ಷ ಅದನ್ನು ಅನುಭವಿಸಿದವನಿಗೆ ಎದುರಾಳಿಯನ್ನು ಎಲ್ಲಿ ಚುಚ್ಚಬೇಕೆಂಬುದು ಪುಸ್ತಕ ಓದದೆಯೇ ತಿಳಿದಿತ್ತು.

ಫಲವೇನು? 42 ಪಂದ್ಯಗಳಲ್ಲಿ ಸೋತದ್ದು ನಾಲ್ಕೇ. ಗೆದ್ದರೆ ಎರಡು ಅಂಕ ಮಾತ್ರ ಇದ್ದ ಆ ಕಾಲದಲ್ಲಿ 65 ಅಂಕ ಗಳಿಸಿ, ಎರಡನೆಯ ತಂಡಕ್ಕಿಂತ 15 ಅಂಕ ಮುಂದಿದ್ದು ಮೊದಲ ದರ್ಜೆಗೆ ಏರಿತು. ಆ ವರ್ಷ ಶೆಫೀಲ್ಡ್ ವೆನ್ಸ್‌ಡೇ ತಂಡವನ್ನು 8-0ರಿಂದ ಸೋಲಿಸಿದರು. ತಮಾಷೆಯೆಂದರೆ ಮೂರು ವರ್ಷಗಳ ಮೇಲೆ, 1977ರಲ್ಲಿ, ಅದೇ ವೆನ್ಸ್‌ಡೇ ಕ್ಲಬ್ಬು ಮೂರನೆಯ ದರ್ಜೆಯ ತಳದಲ್ಲಿ ಬಿದ್ದಿರುವಾಗ ಅದನ್ನೆತ್ತಲು ಇವನೇ ಹೋದನು. 1980ರಲ್ಲಿ ಮೇಲಕ್ಕೆ ತಂದನು.

ಎಲ್ಲವೂ ಗೆಲುವೇ ಅಲ್ಲ. 1977ರಲ್ಲಿ ಇಂಗ್ಲೆಂಡ್ ತಂಡದ ಮೇನೇಜರ್ ಹುದ್ದೆಗೆ ಅರ್ಜಿ ಹಾಕಿದನು. ಬೇಡವೆಂಬ ಉತ್ತರ ಕೂಡ ಬರಲಿಲ್ಲವೆಂದು ಕೊನೆಯವರೆಗೂ ಅವನಿಗೆ ನೋವಿತ್ತು. ಅರ್ಜಿ ಹಾಕಿ ಅಂಚೆಯವನ ದಾರಿ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1984ರಲ್ಲಿ ಮಿಡಲ್ಸ್‌ಬರೋ ಮತ್ತೆ ಕಷ್ಟಕ್ಕೆ ಸಿಕ್ಕಾಗ ಸಂಬಳವಿಲ್ಲದೆ ಕೆಲವು ವಾರ ದುಡಿದು ಅದನ್ನು ಇಳಿಯದಂತೆ ಉಳಿಸಿದನು. ಆಮೇಲೆ ನ್ಯೂಕಾಸಲ್ ಕ್ಲಬ್ಬಿಗೆ ಹೋದನು. ಅದು ಅವನ ಸ್ವಂತ ಸೀಮೆಯ ಕ್ಲಬ್ಬು. 1985ರ ಆಗಸ್ಟಿನಲ್ಲಿ ಒಂದು ಸ್ನೇಹ ಪಂದ್ಯದಲ್ಲಿ ಅಲ್ಲಿಯ ಜನರೇ ಕೂಗಿ ಹಂಗಿಸಿದಾಗ ಆ ಹುದ್ದೆ ಬಿಟ್ಟು ನಡೆದನು.

ಇನ್ನು ಮುಂದಿನದು ಕ್ಲಬ್ಬಿನ ಕತೆಯಲ್ಲ, ಆದರೂ ಬಿಡುವಂತಿಲ್ಲ. 1986ರಲ್ಲಿ ಐರ್ಲೆಂಡಿನವರು ತಮ್ಮ ದೇಶದ ತಂಡವನ್ನು ಈ ಇಂಗ್ಲಿಷಿನವನ ಕೈಗೆ ಕೊಟ್ಟರು. ಹೊಟ್ಟೆಪಾಡಿಗಾಗಿ ಲಕ್ಷಾಂತರ ಐರಿಷ್ ಜನ ತಲೆಮಾರುಗಳಿಂದ ಇಂಗ್ಲೆಂಡು, ಸ್ಕಾಟ್ಲೆಂಡುಗಳ ಕಾರ್ಖಾನೆಯೂರುಗಳಿಗೆ ಹೋಗಿ ನೆಲೆಸಿದ್ದರು. ತಂದೆತಾಯಿಯೋ ಅಜ್ಜ ಅಜ್ಜಿಯೋ ಐರ್ಲೆಂಡಿನಲ್ಲಿ ಹುಟ್ಟಿದ್ದರೆ ಮೊಮ್ಮಗನು ಆ ದೇಶಕ್ಕೆ ಆಡಬಹುದೆಂದು ನಿಯಮವಿತ್ತು. ಜಾಕನು ಅದನ್ನು ಹಿಂದಿನವರಿಗಿಂತ ಹೆಚ್ಚಾಗಿ ಬಳಸಿಕೊಂಡನು. ಗ್ಲಾಸ್ಗೋದಲ್ಲಿ ಹುಟ್ಟಿದ ರೇ ಹೌಟನ್, ಲಿವರ್‌ಪೂಲಿನಲ್ಲಿ ಹುಟ್ಟಿದ ಜಾನ್ ಆಲ್‌ಡ್ರಿಜ್ ಹೀಗೆ ಬಂದವರು. ಮಾತಿನ ಧಾಟಿ ನೋಡಿ ಇವರೆಂಥ ಐರಿಷರು ಎಂದು ಹಾಸ್ಯ ಮಾಡಿದವರಿದ್ದರು. 1988ರ ಜೂನ್ 12ರಂದು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಇಂಗ್ಲೆಂಡನ್ನು 1-0ರಿಂದ ಸೋಲಿಸಿದ ಗೋಲು ಆ ಹೌಟನನದೇ. ಊರು ಬಿಟ್ಟು ಬಂದವರ ಮಕ್ಕಳು ಯಾವ ಊರಿನವರು ಎಂಬ ಪ್ರಶ್ನೆ ನಮ್ಮ ಚಾಳುಗಳಲ್ಲಿಯೂ ಏಳುವುದರಿಂದ ಇಷ್ಟು ಬರೆದೆ.

ಇವನ ಆಟದ ರೀತಿಯನ್ನು ಬಲ್ಲವರು ಹಳಿದರು. ಚೆಂಡನ್ನು ಎತ್ತಿ ದೂರ ಒದೆಯುವುದು, ಎದುರಾಳಿಯ ಬ್ಯಾಕುಗಳ ಹಿಂದೆ ಬೀಳಿಸುವುದು, ಎಲ್ಲರೂ ಮುಗಿಬಿದ್ದು ಕಾಡುವುದು, ಇಷ್ಟೇ. ನೋಡಲು ಚೆಂದವಿಲ್ಲವೆಂಬುದು ನಿಜ. ಲಿಯಂ ಬ್ರೇಡಿಯಂಥ ಕಲಾವಿದನಿಗೆ ಅದರಲ್ಲಿ ಸ್ಥಳ ಸಿಕ್ಕದಿದ್ದುದು ನನ್ನ ಮಟ್ಟಿಗೆ ಅನ್ಯಾಯವೇ. 1990ರ ವಿಶ್ವಕಪ್ಪಿನಲ್ಲಿ ಐರ್ಲೆಂಡು ಐದು ಪಂದ್ಯಗಳಲ್ಲಿ ಹೊಡೆದದ್ದು ಎರಡೇ ಗೋಲು. ಆದರೂ ಕಡೆಯ ಎಂಟರಲ್ಲಿ ಸೇರಿತು. ರುಮೇನಿಯದ ಮೇಲೆ ಗೆಲುವಿನ ಪೆನಾಲ್ಟಿ ಹೊಡೆದವನು ಡೇವಿಡ್ ಓ'ಲಿಯರಿ. ಅವನೂ ಬ್ಯಾಕು, ಜಾಕನು ಮುನಿದು ಎರಡು ವರ್ಷಕ್ಕೂ ಮಿಕ್ಕಿ ಹೊರಗಿಟ್ಟಿದ್ದವನು! ಹಿಂದಿನ ಸಾಲಿನಿಂದಲೇ ಬಂದ ಅವನೂ ಮುಂದೆ ಲೀಡ್ಸಿಗೆ ಮೇನೇಜರನಾದನು.

1994ರ ವಿಶ್ವಕಪ್ಪಿನಲ್ಲಿ ಇಟಲಿಯನ್ನು ಸೋಲಿಸಿದ್ದೂ ಆಯಿತು. 1995ರ ಡಿಸೆಂಬರಿನಲ್ಲಿ ಹಾಲೆಂಡಿಗೆ ಸೋತ ಮೇಲೆ ಜಾಕನು ನಿವೃತ್ತನಾದನು. 1996ರಲ್ಲಿ ಐರ್ಲೆಂಡು ಅವನಿಗೆ ಗೌರವ ಪೌರತ್ವ ಕೊಟ್ಟಿತು. 2020ರ ಜುಲೈ 10ರಂದು, 85ನೆಯ ವಯಸ್ಸಿನಲ್ಲಿ ತೀರಿಕೊಂಡನು. ಐರ್ಲೆಂಡಿನ ಕಾರ್ಕ್ ವಿಮಾನ ನಿಲ್ದಾಣದಲ್ಲಿ ಅವನ ಪ್ರತಿಮೆಯಿದೆ. ಕೈಯಲ್ಲಿ ಚೆಂಡಿಲ್ಲ, ಗಾಳವೂ ಒಂದು ಮೀನೂ ಇವೆ.