ಹಾಳೆಯೊಳಗೆ ಅವಿತು ಕೂತ ಚಂದಿರ

ಮಧ್ಯಾಹ್ನ ಮೂರೂವರೆ. ಮುಂಬಯಿಯ ದಲಾಲ್ ಸ್ಟ್ರೀಟ್. ಬಿಎಸ್‌ಇ ಷೇರುಪೇಟೆಯ ಬಾಗಿಲು ಬಿತ್ತು!

ಅತ್ತ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲೂ ಅದೇ ಗಳಿಗೆ. ಇನ್ನೊಂದು ಷೇರುಪೇಟೆ ಎನ್‌ಎಸ್‌ಇ ಕೂಡ ವ್ಯಾಪಾರ ನಿಲ್ಲಿಸಿತು. ದಿನದ ಗದ್ದಲ ಮುಗಿಯಿತು ಅಂದುಕೊಂಡಿರಾ? ಇಲ್ಲ! ನನ್ನನ್ನು ವಾರಗಟ್ಟಲೆ ನಿದ್ದೆಗೆಡಿಸಿದ ಸೋಜಿಗ ಶುರುವಾಗುವುದೇ ಈಗ.

ನೀವು ಬೆಳಿಗ್ಗೆ ಐದೇ ಐದು ಷೇರು ಕೊಂಡಿದ್ದೀರಿ ಅನ್ನಿ. ನಿಮ್ಮ ಬ್ರೋಕರ್ ನಿಮಗೊಂದು ಕಾಗದ ಕಳಿಸಲೇಬೇಕು. ಅದರ ಹೆಸರು ಕಾಂಟ್ರಾಕ್ಟ್ ನೋಟ್. ಯಾವ ಷೇರು, ಎಷ್ಟು, ಯಾವ ದರಕ್ಕೆ, ಎಷ್ಟು ಗಂಟೆ ಎಷ್ಟು ನಿಮಿಷ ಎಷ್ಟು ಸೆಕೆಂಡಿಗೆ! ದಲಾಲಿ ಎಷ್ಟು, ಜಿಎಸ್‌ಟಿ ಎಷ್ಟು, ಸ್ಟ್ಯಾಂಪ್ ಡ್ಯೂಟಿ ಎಷ್ಟು. ಕೆಳಗೆ ಡಿಜಿಟಲ್ ಸಹಿ. 24 ಗಂಟೆಯೊಳಗೆ ತಲುಪಬೇಕು. ಷೇರುಪೇಟೆಯ ನಿಯಂತ್ರಕ ಸೆಬಿಯ ಕಟ್ಟಪ್ಪಣೆ!

1995ರವರೆಗೆ ಬಿಎಸ್‌ಇಯ ಅಂಗಳದಲ್ಲಿ ದಲ್ಲಾಳಿಗಳು ಗಂಟಲು ಹರಿಯುವಂತೆ ಕೂಗಿ ವ್ಯಾಪಾರ ಮಾಡುತ್ತಿದ್ದರು. ಆಗ ಎಲ್ಲವೂ ಕಾಗದ, ಎಲ್ಲವೂ ಕೈ. ಈಗ ಪಿಡಿಎಫ್. ಒಬ್ಬರಿಗೊಂದು.

ಹಾಗಾದರೆ ಒಂದು ದಿನಕ್ಕೆ ಎಷ್ಟು? ಒಂದೇ ಒಂದು ಬ್ರೋಕರ್ ಕಂಪನಿಯ ಲೆಕ್ಕ ಹೇಳುತ್ತೇನೆ. ಬೆಂಗಳೂರಿನ ಜೆರೋಧಾ. ಅವರ ತಂತ್ರಜ್ಞರು 2024ರಲ್ಲಿ ತಾವೇ ಬರೆದು ತಿಳಿಸಿದ್ದು. ಕೂತಿದ್ದೀರಿ ತಾನೇ?

15 ಲಕ್ಷಕ್ಕೂ ಹೆಚ್ಚು!

ದಿನಕ್ಕೆ! ಒಂದೊಂದೂ ಬೇರೆ ಬೇರೆ! ಕೆಲವರದ್ದು ಒಂದೆರಡು ಪುಟ. ಇಡೀ ದಿನ ಕೊಂಡು ಮಾರುವವರದ್ದು ಸಾವಿರಾರು ಪುಟ. ಎಲ್ಲವನ್ನೂ ಜೋಡಿಸಬೇಕು, ಸಹಿ ಹಾಕಬೇಕು, ಮೇಲ್ ಮಾಡಬೇಕು. ಇದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ? ಊಹಿಸಿ! ಉತ್ತರವನ್ನು ಈಗಲೇ ಹೇಳುವುದಿಲ್ಲ. ನಿಮ್ಮ ಊಹೆಯನ್ನು ಚೀಟಿಯಲ್ಲಿ ಬರೆದಿಡಿ.

ಒಂದು ಸುಳಿವು ಕೊಡುತ್ತೇನೆ. ಅವರ ಹಳೆಯ ವ್ಯವಸ್ಥೆಯಲ್ಲಿ ಒಂದೊಂದು ನೋಟನ್ನೂ ವೆಬ್ ಪುಟವಾಗಿ ಮಾಡಿ, ಕ್ರೋಮ್ ಬ್ರೌಸರ್ ಒಳಗೆ ತೆರೆದು, ಪಿಡಿಎಫ್ ಆಗಿ ಇಳಿಸುತ್ತಿದ್ದರು. ಆಗ ಹಿಡಿಯುತ್ತಿದ್ದದ್ದು 7ರಿಂದ 8 ಗಂಟೆ. ರಾತ್ರಿಯಿಡೀ ಅನ್ನಿ!

ಆಮೇಲೆ ಅವರ ಕಣ್ಣು ಅಕ್ಷರ ಜೋಡಿಸುವ ಯಂತ್ರದ ಮೇಲೆ ಬಿತ್ತು. ಸುಮ್ಮನೆ ಜೋಡಿಸುವ ಯಂತ್ರ ಅಲ್ಲ. ಹೊಟ್ಟೆಯೊಳಗೆ ಒಂದು ಪುಟ್ಟ ಮಿದುಳು ಇರುವ ಯಂತ್ರ! ಆ ಮಿದುಳಿನ ಕತೆಯನ್ನೇ ನಾನು ನಿಮಗೆ ಹೇಳಬೇಕು.

ಮೊದಲು ಯಂತ್ರ. ಹೆಸರು ಟೆಕ್. ಕಬ್ಬಿಣದ್ದಲ್ಲ, ತಂತ್ರಾಂಶ! ಅಮೆರಿಕದ ಡೊನಾಲ್ಡ್ ಕ್ನೂತ್ 1978ರಲ್ಲಿ ಹೊರತಂದದ್ದು. ಗಣಿತದ ಪುಸ್ತಕ ಇವತ್ತಿಗೂ ಇದರಲ್ಲೇ ಅಚ್ಚುಕಟ್ಟು. ಇದು ಪುಟದ ಮೇಲೆ ಎಷ್ಟು ಸಣ್ಣ ಅಳತೆ ಹಿಡಿಯಬಲ್ಲದು, ಹೇಳಿ ನೋಡೋಣ? ಕೂದಲೆಳೆ? ಇನ್ನೂ ಸಣ್ಣದು! ಒಂದು ಪಾಯಿಂಟ್ ಅಂದರೆ ಸುಮಾರು ಮೂರನೇ ಒಂದು ಮಿಲಿಮೀಟರ್. ಅದನ್ನು ಟೆಕ್ 65,536 ಚೂರು ಮಾಡುತ್ತದೆ. ಅಂಥ 100 ಚೂರು ಸೇರಿದರೆ ಕಣ್ಣಿಗೆ ಕಾಣುವ ಬೆಳಕಿನ ಒಂದು ಅಲೆಯಷ್ಟು ಉದ್ದ! ಬೆಳಕಿನ ಅಲೆಯನ್ನೇ ನೂರು ಹೋಳು ಮಾಡುವ ಅಡಿಪಟ್ಟಿ!

ಇಷ್ಟು ಜಾಣ ಯಂತ್ರ. ಆದರೆ ಲೆಕ್ಕ? ಅಯ್ಯೋ, ಅಲ್ಲಿ ಕೈ ಕಟ್ಟು. ಅದು ಹಿಡಿಯಬಲ್ಲ ಅತಿ ದೊಡ್ಡ ಪೂರ್ಣಾಂಕ 2,14,74,83,647. ಅಂದರೆ 214 ಕೋಟಿ ಚಿಲ್ಲರೆ. ದಲಾಲ್ ಸ್ಟ್ರೀಟಿನ ಒಂದು ದಿನದ ವಹಿವಾಟೇ ಸಾವಿರಾರು ಕೋಟಿ. ಕೊಡ ತುಂಬಿ ಚೆಲ್ಲುತ್ತದೆ!

ಯಂತ್ರವನ್ನು ಬಿಚ್ಚಿ ಸರಿಮಾಡೋಣವೇ? ಹಾಗೂ ಆಗದು. ಕ್ನೂತ್ ಹೊಸ ಸೌಲಭ್ಯ ಸೇರಿಸುವುದನ್ನು ಎಂದೋ ನಿಲ್ಲಿಸಿದ್ದಾರೆ. ತಪ್ಪು ತಿದ್ದಿದಾಗಲೆಲ್ಲ ಆವೃತ್ತಿಯ ಸಂಖ್ಯೆ ‘ಪೈ’ಗೆ ಒಂದು ಅಂಕಿ ಹತ್ತಿರ ಹೋಗುತ್ತದೆ, ಅಷ್ಟೇ. 2021ರಲ್ಲಿ ಅದು 3.141592653ಕ್ಕೆ ಮುಟ್ಟಿತು. ಎಂಥ ಚೆಂದದ ಹಟ!

ಈಗ ಬನ್ನಿ, ಆ ಪುಟ್ಟ ಮಿದುಳನ್ನು ಹುಡುಕಿಕೊಂಡು ಬ್ರೆಜಿಲ್‌ಗೆ ಹೋಗೋಣ. ಹೌದು, ಬ್ರೆಜಿಲ್!

1993. ರಿಯೊ ಡಿ ಜನೈರೊ ನಗರದ ಕ್ಯಾಥೊಲಿಕ್ ವಿಶ್ವವಿದ್ಯಾಲಯ. ಹೊರದೇಶದ ಕಂಪ್ಯೂಟರ್ ಸರಕು ತರಿಸುವುದು ಹಿಂದಿನ ವರ್ಷದವರೆಗೂ ಅಲ್ಲಿ ಕಷ್ಟವಾಗಿತ್ತು. ಪೆಟ್ರೊಬ್ರಾಸ್ ಎಂಬ ತೈಲ ಕಂಪನಿಗೆ ಕೆಲಸ ಮಾಡಿಕೊಡುತ್ತಿದ್ದ ಮೂವರು, ರಾಬರ್ಟೊ ಇರುಸಲಿಮ್ಸ್ಕಿ, ಲೂಯಿಸ್ ಹೆನ್ರಿಕ್ ಡಿ ಫಿಗೆರೆಡೊ ಮತ್ತು ವಾಲ್ಡೆಮಾರ್ ಸೆಲೆಸ್, ತಮ್ಮದೇ ಒಂದು ಪುಟ್ಟ ಭಾಷೆ ಕಟ್ಟಿದರು. ಅದಕ್ಕೂ ಮುಂಚೆ ಅಲ್ಲೇ ಕಟ್ಟಿದ್ದ ಇನ್ನೊಂದು ಭಾಷೆಯ ಹೆಸರು ‘ಸೋಲ್’. ಪೋರ್ಚುಗೀಸಿನಲ್ಲಿ ಸೋಲ್ ಅಂದರೆ ಸೂರ್ಯ. ಹಾಗಾದರೆ ಅದರ ಬೆನ್ನಿಗೆ ಹುಟ್ಟಿದ ಕೂಸಿಗೆ ಏನು ಹೆಸರಿಟ್ಟಿರಬೇಕು? ಊಹಿಸಿ!

ಲುವಾ. ಚಂದಿರ!

ಈ ಚಂದಿರ ಎಷ್ಟು ಹಗುರ ಎಂದರೆ ಯಾವ ಯಂತ್ರದ ಹೊಟ್ಟೆಯಲ್ಲೂ ಮಡಚಿಕೊಂಡು ಕೂರಬಲ್ಲ. ಮೊಬೈಲ್ ಆಟಗಳಲ್ಲಿ ಇದ್ದಾನೆ. ನಮ್ಮ ಕನ್ನಡ ವಿಕಿಪೀಡಿಯದ ಟೆಂಪ್ಲೇಟುಗಳ ಒಳಗೂ ಇದ್ದಾನೆ, ಗೊತ್ತಿತ್ತೇ? 2005ರಲ್ಲಿ ಹಾನ್ಸ್ ಹಾಗೆನ್, ಟಾಕೊ ಹೂಕ್‌ವಾಟರ್, ಹಾರ್ಟ್‌ಮುಟ್ ಹೆಂಕೆಲ್ ಈ ಚಂದಿರನನ್ನು ತಂದು ಟೆಕ್ ಒಳಗೆ ಕೂರಿಸಲು ಹೊರಟರು. ಲುವಾಟೆಕ್! 2016ರಲ್ಲಿ ಅದು 1.0 ಆಗಿ ಪೂರ್ತಿ ಅರಳಿತು.

ಇನ್ನು ಮಜಾ ನೋಡಿ. ಪುಟದ ನಡುವೆ ‘ಡೈರೆಕ್ಟ್‌ಲುವಾ’ ಎಂಬ ಒಂದೇ ಒಂದು ಆಜ್ಞೆ ಬರೆಯಿರಿ. ಟೆಕ್ ಅಲ್ಲೇ ನಿಲ್ಲುತ್ತದೆ. ಚಂದಿರನನ್ನು ಎಬ್ಬಿಸುತ್ತದೆ. ಆತ ಲೆಕ್ಕ ಮಾಡಿ ಉತ್ತರ ಹೇಳುತ್ತಾನೆ. ಆ ಉತ್ತರವನ್ನು ಟೆಕ್ ಹೇಗೆ ಓದುತ್ತದೆ ಗೊತ್ತೇ? ಯಾರೋ ಮನುಷ್ಯರು ಅದೇ ಜಾಗದಲ್ಲಿ ಕೂತು ಕೀಲಿಮಣೆ ಒತ್ತಿ ಬರೆದಂತೆ! ವ್ಯತ್ಯಾಸವೇ ತಿಳಿಯದು! ಮತ್ತೆ ಜೋಡಣೆ ಮುಂದುವರಿಯುತ್ತದೆ.

214 ಕೋಟಿಯ ಅಡ್ಡಗೋಡೆ? ಮಾಯ! ಲುವಾ ಹಿಡಿಯುವ ದೊಡ್ಡ ಪೂರ್ಣಾಂಕ 92,233 ಕೋಟಿ ಕೋಟಿಗೂ ಆಚೆ. ಕೋಟಿ ಎಂದು ಎರಡು ಸಲ ಬರೆದದ್ದು ಕೈತಪ್ಪಿ ಅಲ್ಲ!

ಓದಿ ಸುಮ್ಮನಿರಲು ಆಗಲಿಲ್ಲ ನನಗೆ. ಡೊಂಬಿವಲಿಯ ಮನೆಯಲ್ಲಿ ಒಂದು ರಾತ್ರಿ ಕೂತೆ. ಏನು ಮಾಡಿ ನೋಡಲಿ? ಮಗ್ಗಿ ಪುಸ್ತಕ! ನಾವೆಲ್ಲ ಸಂಜೆ ದೀಪ ಹಚ್ಚಿದ ಮೇಲೆ ರಾಗವಾಗಿ ಒಪ್ಪಿಸುತ್ತಿದ್ದ ಮಗ್ಗಿ. ಒಂದೊಂದಲ ಒಂದರಿಂದ ಹಿಡಿದು ಇಪ್ಪತ್ತರ ಮಗ್ಗಿವರೆಗೆ, ಕನ್ನಡ ಅಂಕಿಯಲ್ಲೇ. ಒಟ್ಟು 200 ಸಾಲು ಅಚ್ಚಾಗಬೇಕು. ನಾನು ಬರೆಯಬೇಕಾಗಿ ಬಂದದ್ದು ಎಷ್ಟು ಸಾಲು?

ಒಂಬತ್ತು!

ಸುತ್ತಿನೊಳಗೊಂದು ಸುತ್ತು, ನಡುವೆ ಒಂದು ಗುಣಾಕಾರ. ಅಷ್ಟೇ. ಕನ್ನಡ ಅಂಕಿ ಬಂದದ್ದು ಹೇಗೆ ಅನ್ನುತ್ತೀರಾ? ಅಲ್ಲೇ ನನ್ನ ಮೈ ಜುಂ ಎಂದದ್ದು. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಉಂಟು. ಕನ್ನಡದ ಕೇರಿ ಶುರುವಾಗುವುದು ಸರಿಯಾಗಿ 3200ಕ್ಕೆ. ‘ಅ’ ಅಂದರೆ 3205. ‘ಕ’ ಅಂದರೆ 3221. ಇಂಗ್ಲಿಷಿನ ಸೊನ್ನೆ 48. ನಮ್ಮ ‘೦’ 3302. ಕಳೆಯಿರಿ. ಎಷ್ಟು ಬಂತು? 3254. ಇಂಗ್ಲಿಷಿನ ಯಾವ ಅಂಕಿಗಾದರೂ 3254 ಕೂಡಿಸಿ, ಅದು ಕನ್ನಡ! 7 ಹೋಗಿ ‘೭’. 2024 ಹೋಗಿ ‘೨೦೨೪’. ಒಂದೇ ಒಂದು ಕೂಡುವ ಲೆಕ್ಕ, ಇಡೀ ಪುಸ್ತಕ ಕನ್ನಡವಾಯಿತು!

ಮೊದಲ ಸಲ ಓಡಿಸಿದಾಗ ಬರಲಿಲ್ಲ ಅನ್ನಿ. ‘ಸ್ಟ್ರಿಂಗ್ ಮುಗಿದಿಲ್ಲ’ ಎಂಬ ದೂರು ಪರದೆ ತುಂಬ. ಕಣ್ಣರಳಿಸಿ ಹುಡುಕಿದೆ. ಕಾರಣ ಒಂದು % ಚಿಹ್ನೆ! ಅಂಕಿಗಳನ್ನು ಹುಡುಕಿಕೊಡು ಎಂದು ಲುವಾಗೆ ಹೇಳಲು ನಾನು ಬಳಸಿದ್ದು ಅದನ್ನೇ. ಆದರೆ ಟೆಕ್‌ಗೆ ಅದೇ ಚಿಹ್ನೆಯ ಅರ್ಥ ‘ಇಲ್ಲಿಂದಾಚೆ ಈ ಸಾಲನ್ನು ಓದಬೇಡ’! ಚಂದಿರನ ಕೈಗೆ ಹೋಗುವ ಮುನ್ನ ಟೆಕ್ ಚೀಟಿಯನ್ನು ತಾನು ಓದಿ, ಅರ್ಧ ಹರಿದು ಒಳಗೆ ಕೊಟ್ಟಿತ್ತು. ಒಂದೇ ಮನೆ, ಎರಡು ಮಾತು! ಲುವಾದ ಸಾಲುಗಳನ್ನು ಬೇರೆ ಕಡತದಲ್ಲಿಟ್ಟೆ. ಪುಟದಿಂದ ಆ ಕಡತವನ್ನು ಹೆಸರು ಹಿಡಿದು ಕರೆದೆ. ಗುಂಡಿ ಒತ್ತಿದೆ.

ಬಂತು! ಇಪ್ಪತ್ತು ಮಗ್ಗಿ, ಸಾಲು ಸಾಲಾಗಿ, ಸೂತ್ರ ಹಿಡಿದು ಎಳೆದ ಹಾಗೆ! ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ.

ಅಕ್ಷರದ ಮಾತು ಬಂತಲ್ಲ, ‘ಸೂರ್ಯ’ ಎಂದು ಬರೆಯಿರಿ. ಒತ್ತುವುದು ಮೊದಲು ‘ರ’, ಆಮೇಲೆ ‘ಯ’. ಕಾಗದದ ಮೇಲೆ? ‘ಯ’ ಮುಂದೆ, ಅರ್ಕಾವೊತ್ತು ಹಿಂದೆ! ತಿರುವುಮುರುವು! ಇದನ್ನು ಸರಿಯಾಗಿ ಕೂರಿಸುವ ಜಾಣ ಹಾರ್ಫ್‌ಬಜ್ ಎಂಬ ತಂತ್ರಾಂಶ. ಲುವಾಟೆಕ್ ಜೊತೆ ಅದು ಎಲ್ಲರ ಕೈಗೆ ಬಂದದ್ದು 2020ರಲ್ಲಿ. ಲುವಾಟೆಕ್‌ಗೆ ಮೊದಲ ದಿನಗಳಲ್ಲಿ ದೊಡ್ಡ ಒತ್ತಾಸೆ ಸಿಕ್ಕಿದ್ದು ಅರಬ್ಬಿ ಲಿಪಿಯನ್ನು ಅಂದವಾಗಿ ಜೋಡಿಸಬೇಕೆಂಬ ಹಂಬಲದಿಂದ. ಅರಬ್ಬಿಗೆ ತೆರೆದ ಬಾಗಿಲಲ್ಲಿ ಕನ್ನಡವೂ ನಡೆದು ಬಂತು!

ಮುಂಬಯಿಗೂ ಕನ್ನಡ ಅಕ್ಷರಕ್ಕೂ ಏನು ನಂಟು ಅನ್ನಬೇಡಿ. ವಿಂಡೋಸ್ ಜೊತೆ ಬರುತ್ತಿದ್ದ ‘ತುಂಗಾ’ ಫಾಂಟ್ ನೋಡಿದ್ದೀರಲ್ಲ? ತುಂಗಾ ನದಿಯ ಹೆಸರು. ಅದು ಮೂಡಿದ್ದು ಎಲ್ಲಿ? ತೀರ್ಥಹಳ್ಳಿಯಲ್ಲೇ? ಅಲ್ಲ! ಮುಂಬಯಿಯ ಜುಹುವಿನಲ್ಲಿ! ಅಲ್ಲಿನ ಎನ್‌ಸಿಎಸ್‌ಟಿ ಸಂಸ್ಥೆಯಲ್ಲಿ, ಲಿಪಿ ವಿನ್ಯಾಸದ ಹಿರಿಯ ಆರ್. ಕೆ. ಜೋಶಿ ಅವರ ನಿರ್ದೇಶನದಲ್ಲಿ. ನಮ್ಮ ಹೊಳೆ ಅರಬ್ಬಿ ಸಮುದ್ರದ ದಂಡೆಯಲ್ಲಿ ಅಕ್ಷರವಾಯಿತು!

ಸರಿ, 15 ಲಕ್ಷಕ್ಕೆ ವಾಪಸ್. ಚೀಟಿ ಕೈಯಲ್ಲೇ ಇದೆ ತಾನೇ?

ಜೆರೋಧಾದವರು ಮೊದಲು ಹಳೆಯ ಬಗೆಯ ಟೆಕ್ ಹಿಡಿದರು. ದೊಡ್ಡ ನೋಟುಗಳಿಗೆ ಅದರ ನೆನಪಿನ ಜಾಗ ಸಾಲದಾಯಿತು. ಆಮೇಲೆ ಲುವಾ ಹೊತ್ತ ಟೆಕ್. ಇದರ ಜಾಗ ಬೇಕಾದಷ್ಟು ಹಿಗ್ಗುತ್ತದೆ. ಆದರೂ 2,000 ಪುಟದ ಒಂದು ನೋಟಿಗೆ ಹಿಡಿದದ್ದು 18 ನಿಮಿಷ.

ಅಷ್ಟರಲ್ಲಿ ಬರ್ಲಿನ್‌ನಿಂದ ಇನ್ನೊಂದು ಅಚ್ಚರಿ! ಲಾರೆನ್ಸ್ ಮೇಡ್ಯೆ, ಮಾರ್ಟಿನ್ ಹೌಗ್ ಎಂಬ ಇಬ್ಬರು ಕಟ್ಟಿದ ಟೈಪ್ಸ್ಟ್. 2023ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಇದರಲ್ಲಿ ಮಿದುಳು ಹೊರಗಿನಿಂದ ಬಂದ ಅತಿಥಿಯೇ ಅಲ್ಲ. ಜೋಡಣೆ, ಲೆಕ್ಕ ಎರಡೂ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಅವಳಿಗಳು! ಸಾಲಿನ ನಡುವೆ ಒಂದು # ಬರೆಯಿರಿ, ಅಲ್ಲಿಂದ ಲೆಕ್ಕ ಶುರು. ಚೀಟಿ ದಾಟಿಸುವ ತಾಪತ್ರಯ ಇಲ್ಲ. ನನ್ನ ರಾತ್ರಿ ಕೆಡಿಸಿದ % ಜಗಳವೂ ಇಲ್ಲ.

ಅದೇ 2,000 ಪುಟದ ನೋಟು. 18 ನಿಮಿಷ ಇದ್ದದ್ದು ಎಷ್ಟಕ್ಕೆ ಇಳಿಯಿತು?

ಸುಮಾರು ಒಂದು ನಿಮಿಷ!

ಇದಕ್ಕೆ ಕಂಪ್ಯೂಟರುಗಳ ದಂಡನ್ನೂ ಸೇರಿಸಿ. ಮದುವೆ ಮನೆಗೆ ಬರುವ ಅಡಿಗೆಯವರ ಹಾಗೆ, ಕೆಲಸದ ಹೊತ್ತಿಗೆ ಬಾಡಿಗೆಗೆ ಬರುತ್ತವೆ, ಮುಗಿದ ಕೂಡಲೇ ಹೊರಟು ಹೋಗುತ್ತವೆ.

ಈಗ ಚೀಟಿ ಬಿಚ್ಚಿ. 15 ಲಕ್ಷ ನೋಟು ಜೋಡಿಸಿ, ಸಹಿ ಹಾಕಿ, ಮೇಲ್ ಮಾಡಲು ಎಷ್ಟು ಹೊತ್ತು?

25 ನಿಮಿಷ!

ಏಳೆಂಟು ಗಂಟೆ ಅಲ್ಲ! ಇಪ್ಪತ್ತೈದು ನಿಮಿಷ! ಭಾಗಿಸಿ ನೋಡಿ. ನಿಮಿಷಕ್ಕೆ 60,000. ಸೆಕೆಂಡಿಗೆ ಒಂದು ಸಾವಿರ! ನೀವು ಕಣ್ಣು ರೆಪ್ಪೆ ಬಡಿದು ಮುಗಿಸುವಷ್ಟರಲ್ಲಿ ನೂರಾರು ಜನರ ಲೆಕ್ಕ ಪುಟವಾಗಿ, ಸಹಿಯಾಗಿ, ಹೊರಟೇ ಹೋಯಿತು! ಚರ್ಚ್‌ಗೇಟಿನಲ್ಲಿ ಫಾಸ್ಟ್ ಲೋಕಲ್ ಹತ್ತಿದವರು ಬಾಂದ್ರಾ ಮುಟ್ಟುವ ಹೊತ್ತಿಗೆ ಎಲ್ಲ ಖಲಾಸ್!

ಜೆರೋಧಾದ ತಂತ್ರಜ್ಞಾನದ ಮುಖ್ಯಸ್ಥ ಕೈಲಾಶ್ ನಾಧ್. ಹೆಸರು ಎಲ್ಲೋ ಕೇಳಿದಂತಿದೆಯೇ? ವಿ. ಕೃಷ್ಣ ಅವರು ನಾಲ್ಕು ದಶಕ ಕೂತು ಕಟ್ಟಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟನ್ನು 2019ರಲ್ಲಿ ಅಂತರ್ಜಾಲದಲ್ಲಿ ಎಲ್ಲರಿಗೂ ಮುಕ್ತವಾಗಿ ತಂದವರು ಇವರೇ! ಅದರಲ್ಲಿ ಒಂದೂವರೆ ಲಕ್ಷ ಪದ. ಷೇರಿನ ಚೀಟಿಗೂ ನಮ್ಮ ನುಡಿಗೂ ಒಂದೇ ಕೈ!

ನಿಮಗೂ ಕೈ ತುರಿಸುತ್ತಿದೆಯೇ? ಎಲ್ಲವೂ ಉಚಿತ. ಲುವಾಟೆಕ್, ಟೈಪ್ಸ್ಟ್, ಹಾರ್ಫ್‌ಬಜ್, ಒಂದಕ್ಕೂ ಕಾಸು ಬೇಡ. ಕಲಿಯಲು ಪೊವಾಯಿಯ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಟೆಕ್ ಮೇಲೆ ಕಟ್ಟಿದ ಲೇಟೆಕ್‌ನ ಪಾಠಗಳಿವೆ, ಅವೂ ಉಚಿತ.

ನಾನಂತೂ ನಿಲ್ಲಿಸಿಲ್ಲ. ಪೂರ್ಣಾಂಕದ ಮಗ್ಗಿ ಆಯಿತು. ನಿನ್ನೆಯಿಂದ ಹಿಡಿದಿರುವುದು ಕಾಲು, ಅರೆ, ಮುಕ್ಕಾಲಿನ ಮಗ್ಗಿ. ನಮ್ಮ ಅಜ್ಜ ಬಾಯಲ್ಲೇ ಗುಣಿಸುತ್ತಿದ್ದದ್ದು. ಸಾಲು ಈಗ ಹನ್ನೊಂದಕ್ಕೆ ಬಂದಿದೆ. ಮುಕ್ಕಾಲಿನ ಮಗ್ಗಿಯಲ್ಲಿ ಏಳನೇ ಸಾಲು ಏನು ಬರಬೇಕು, ಬಾಯಲ್ಲೇ ಹೇಳಿ ನೋಡೋಣ?

ಐದೂಕಾಲು! ಚಂದಿರನೂ ಅದನ್ನೇ ಹೇಳಿದ!