ಚಪ್ಪರಕ್ಕೆ ಕಟ್ಟುವ ಎಲೆಯ ಹಳೇ ಮನೆತನ

"ಇದು ಈಂತ್ ಅಲ್ವಾ ಮಾರಾಯ? ಮದುವೆ ಚಪ್ಪರಕ್ಕೆ ನಾವು ಕಟ್ಟುವ ಎಲೆ!"

ಲಾಸ್ ಏಂಜಲೀಸ್ ಪಕ್ಕದ ಸ್ಯಾನ್ ಮರಿನೊದಲ್ಲಿರುವ ಹಂಟಿಂಗ್ಟನ್ ಉದ್ಯಾನದಲ್ಲಿ ಹೀಗೆ ನಿಂತುಬಿಟ್ಟವರು ನಮ್ಮ ಗೆಳೆಯರ ತಾಯಿ. ಕಾಸರಗೋಡಿನ ಬದಿಯಡ್ಕ ಕಡೆಯವರು, ಮಗನ ಮನೆಗೆ ಆರು ತಿಂಗಳಿಗೆಂದು ಬಂದಿದ್ದಾರೆ. ವಾರಾಂತ್ಯಕ್ಕೆ ಎರಡು ಕುಟುಂಬ ಸೇರಿ ಹೊರಟಿದ್ದೆವು. ತಾಳೆಯ ಜಾತಿ ಇರಬೇಕು ಎಂದುಕೊಂಡು ನಾವು ದಾಟಿ ಹೋಗುತ್ತಿದ್ದೆವು. ಫಲಕ ನೋಡಿದರೆ ಸೈಕ್ಯಾಡ್. ಅಮ್ಮ ಮಲಯಾಳದ ಹೆಸರಿನಲ್ಲಿ ಕರೆದ ಪಶ್ಚಿಮ ಘಟ್ಟದ ಸೈಕಸ್ ಕೂಡ ಇದೇ ಗುಂಪಿನದು.

ಈ ಗುಂಪು ಡೈನೋಸಾರ್‌ಗಳಿಗಿಂತ ಹಳೆಯದು. ಸುಮಾರು 28 ಕೋಟಿ ವರ್ಷ ಹಿಂದಿನ ಪಳೆಯುಳಿಕೆಗಳಿವೆ. ಆದರೆ 2011ರ ವಂಶವಾಹಿ ಅಧ್ಯಯನದ ಪ್ರಕಾರ ಇಂದಿರುವ ಹೆಚ್ಚಿನ ಪ್ರಭೇದಗಳು ಕವಲೊಡೆದದ್ದು ಕಳೆದ 1.2 ಕೋಟಿ ವರ್ಷಗಳಲ್ಲಿ. ಮನೆತನ ಹಳೆಯದು, ಮಕ್ಕಳು ಹೊಸಬರು.

ಇಷ್ಟು ಕಾಲ ಉಳಿದದ್ದು ಹೇಗೆ? ನೆಲದ ಮೇಲ್ಪದರದಲ್ಲಿ ಹವಳದಂತೆ ಕವಲೊಡೆಯುವ ಬೇರುಗಳೊಳಗೆ ಸಯನೊಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಅವು ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರವಾಗಿಸುತ್ತವೆ, ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. ಹಾಗಾಗಿ ಬಡ ಮಣ್ಣಲ್ಲೂ ಬದುಕು ಸಾಗುತ್ತದೆ. ಎಲೆ, ಬೀಜಗಳಲ್ಲಿ ವಿಷ. "ಕಾಯಿ ಹೋಳು ಮಾಡಿ, ದಿನಗಟ್ಟಲೆ ನೀರು ಬದಲಿಸಿ ನೆನೆಹಾಕಿದ ಮೇಲೆಯೇ ಹಿಟ್ಟು ಮಾಡುವುದು" ಎಂದರು ಅಮ್ಮ. ಗಂಡು ಗಿಡ ಬೇರೆ, ಹೆಣ್ಣು ಬೇರೆ. ಗಂಡಿನ ಶಂಕು ಬಿಸಿಯಾಗಿ, ವಾಸನೆ ಬೀರಿ ಜೀರುಂಡೆಗಳನ್ನು ಕರೆಯುತ್ತದೆ.

ಜೋಡಿ ಇಲ್ಲದಿದ್ದರೆ ಮಾತ್ರ ಎಲ್ಲ ವ್ಯರ್ಥ. ದಕ್ಷಿಣ ಆಫ್ರಿಕದ ಎನ್ಸೆಫಲಾರ್ಟೋಸ್ ವುಡಿಯೈ 1895ರಲ್ಲಿ ಸಿಕ್ಕಿದ್ದು ಒಂದೇ ಒಂದು, ಅದೂ ಗಂಡು. ಹೆಣ್ಣು ಇಂದಿಗೂ ಸಿಕ್ಕಿಲ್ಲ. ಈಗ ಲೋಕದ ಉದ್ಯಾನಗಳಲ್ಲಿರುವುದೆಲ್ಲ ಅದರ ಕಂದುಗಳಿಂದ ಬೆಳೆಸಿದವು.

ಲೆಕ್ಕಪರಿಶೋಧಕರಾದ ನಮಗೆ ಹಿಡಿಸಿದ್ದು ಗಿಡದ ಬುಡದ ಪಟ್ಟಿ. ಎಲ್ಲಿಂದ ಬಂತು, ಯಾವಾಗ ಬಂತು, ಗಂಡೋ ಹೆಣ್ಣೋ ಎಂಬ ದಾಖಲೆ ಇಲ್ಲದ ಗಿಡ ತೋಟಕ್ಕೆ ಚಂದ, ವಂಶ ಉಳಿಸಲು ಅಷ್ಟು ಪ್ರಯೋಜನವಿಲ್ಲ. ನಮ್ಮ ವೃತ್ತಿಯಲ್ಲಿ ರಸೀದಿ ಇಲ್ಲದ ಖರ್ಚಿನ ಹಾಗೆ. ಇಲ್ಲಿನ ಈಗಲ್ ರಾಕ್ ಬಡಾವಣೆಯ ಲೋರನ್ ವೈಟ್‌ಲಾಕ್ ಮನೆಯಂಗಳದಲ್ಲೇ ನೂರಾರು ಸೈಕ್ಯಾಡ್ ಬೆಳೆಸಿ, 2002ರಲ್ಲಿ ಅವುಗಳ ಬಗ್ಗೆ ದೊಡ್ಡ ಪುಸ್ತಕ ಬರೆದವರು. ಅವರ ಸಂಗ್ರಹ ಕಡೆಗೆ ಹಂಟಿಂಗ್ಟನ್‌ಗೇ ಬಂತು.

ಮರುದಿನ ಎರಡು ಗಂಟೆ ದಕ್ಷಿಣಕ್ಕೆ, ಸ್ಯಾನ್ ಡಿಯಾಗೊ. ವರ್ಷಕ್ಕೆ ಸುಮಾರು 250 ಮಿ.ಮೀ. ಮಳೆಯ ಊರು, ಆಗುಂಬೆಯಲ್ಲಿ ಜುಲೈ ತಿಂಗಳ ಮೂರು-ನಾಲ್ಕು ದಿನಕ್ಕೆ ಅಷ್ಟು ಸುರಿಯುತ್ತದೆ. ಆದರೂ ಬಾಲ್ಬೋವಾ ಪಾರ್ಕಿನಲ್ಲಿ 1915ರ ವಸ್ತುಪ್ರದರ್ಶನಕ್ಕೆಂದು ಮರದ ಪಟ್ಟಿ ಹೊಡೆದು ಕಟ್ಟಿದ ಸಸ್ಯಭವನದೊಳಗೆ ಜರೀಗಿಡ, ಸೈಕ್ಯಾಡ್‌ಗಳು ನೆರಳಲ್ಲಿ ಸುಖವಾಗಿವೆ.

ಅದೇ ಪಾರ್ಕಿನ ಮೃಗಾಲಯದಲ್ಲಿ ಡೊನಾಲ್ಡ್ ಲಿಂಡ್‌ಬರ್ಗ್ ನಮ್ಮ ಸಿಂಗಳೀಕಗಳ ಮೇಲೆ ವರ್ಷಗಟ್ಟಲೆ ಅಧ್ಯಯನ ನಡೆಸಿದ್ದರು. ಹೆಚ್ಚಾಗಿ ನೆಲಕ್ಕಿಳಿಯದೆ ಮರದಿಂದ ಮರಕ್ಕೆ ಸಾಗುವ ಪ್ರಾಣಿ. ಕಾಡು ತುಂಡಾದರೆ ಹಿಂಡುಗಳು ಬೇರಾಗುತ್ತವೆ. ಮೃಗಾಲಯಗಳು ಯಾವ ಮರಿ ಯಾರದೆಂದು ವಂಶಾವಳಿ ಪುಸ್ತಕ ಇಟ್ಟೇ ಜೋಡಿ ಮಾಡುವುದು. ಉತ್ತರ ಕನ್ನಡದಲ್ಲಿ ಅವಕ್ಕಾಗಿ 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶ ಘೋಷಣೆಯಾಗಿತ್ತು. ಅಂದು ನಮಗೆ ಸಿಂಗಳೀಕ ಕಾಣಲಿಲ್ಲ, ಮಕ್ಕಳಿಗೆ ನಿರಾಸೆ.

ವಾಪಸು ಬರುವಾಗ ಕಾರಿನಲ್ಲಿ ಅಮ್ಮ ಇದ್ದಕ್ಕಿದ್ದಂತೆ, "ನಮ್ಮ ಗುಡ್ಡೆಯ ಈಂತ್ ಹೆಣ್ಣು ಹಾಗಾದರೆ" ಎಂದರು. "ಕಾಯಿ ಆಗ್ತದೆ, ಈಚೆಗೆ ಹಾಕಿದ್ದು ಒಂದೂ ಮೊಳೆಯುವುದಿಲ್ಲ. ಪಕ್ಕದವರಲ್ಲಿ ಇನ್ನೊಂದಿತ್ತು, ನಡುವೆ ಉದ್ದದ ಕೊಂಬಿನ ಹಾಗೆ ಬರುತ್ತಿದ್ದದ್ದು. ರಸ್ತೆ ಅಗಲ ಮಾಡುವಾಗ ತೆಗೆದರು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಗ ಊರಿನಲ್ಲಿ ಬೆಳಗಾಗುತ್ತಿತ್ತು. ಅಮ್ಮ ತಮ್ಮನಿಗೆ ಫೋನ್ ಹಚ್ಚಿದರು: ಗುಡ್ಡೆಯಲ್ಲಿ, ಅಕ್ಕಪಕ್ಕದ ತೋಟಗಳಲ್ಲಿ ಎಲ್ಲಾದರೂ ಕೊಂಬು ಬರುವ ಈಂತ್ ಉಳಿದಿದೆಯಾ, ನೋಡಿ ಹೇಳು.